ಜೆರೋಧಾ ವಾರ್ಸಿಟಿ: ಕಸುಬು ಬಲ್ಲವರು ಬರೆದ ಪಾಠವನ್ನು ಯಾವ ಕ್ರಮದಲ್ಲಿ ಓದಬೇಕು?

ಷೇರು ಪೇಟೆಯ ವಹಿವಾಟನ್ನು ಕಲಿಸುತ್ತೇವೆಂದು ಹತ್ತಾರು ಸಾವಿರ ರೂಪಾಯಿ ಶುಲ್ಕ ಕೇಳುವ ತರಗತಿಗಳಿಗೆ ಈಗ ಕೊರತೆಯಿಲ್ಲ. ಬೆಂಗಳೂರಿನ ದಲ್ಲಾಳಿ ಸಂಸ್ಥೆ ಜೆರೋಧಾ ನಡೆಸುತ್ತಿರುವ ‘ವಾರ್ಸಿಟಿ’ ಎಂಬ ಪಾಠಮಾಲೆಗೆ ಮಾತ್ರ ಶುಲ್ಕವಿಲ್ಲ, ಅದರ ಪುಟಗಳಲ್ಲಿ ಜಾಹೀರಾತುಗಳಿಲ್ಲ, ಓದುವುದಕ್ಕೆ ಆ ಸಂಸ್ಥೆಯಲ್ಲಿ ಡಿಮ್ಯಾಟ್ ಖಾತೆ ಇರಬೇಕೆಂಬ ನಿಬಂಧನೆಯೂ ಇಲ್ಲ. ಉಚಿತವಾದದ್ದನ್ನು ವಿಮರ್ಶಿಸುವಾಗ ಕೈ ಸಡಿಲವಾಗುವುದು ಸಹಜ. ಆದರೆ ಈ ಪಾಠಗಳನ್ನು ಓದಿ ಜನರು ಪೇಟೆಗೆ ಸ್ವಂತ ಹಣ ಹಾಕುತ್ತಾರಾದ್ದರಿಂದ, ದುಡ್ಡು ಕೊಟ್ಟು ಕೊಂಡ ವಸ್ತುವನ್ನು ಅಳೆಯುವಷ್ಟೇ ನಿಷ್ಠುರವಾಗಿ ಇದನ್ನೂ ಅಳೆಯಬೇಕು ಎಂಬುದು ನನ್ನ ನಿಲುವು.

ಜೆರೋಧಾವನ್ನು 2010ರಲ್ಲಿ ಕಟ್ಟಿದ ನಿತಿನ್ ಕಾಮತ್ ಹದಿಹರೆಯದಲ್ಲೇ ಷೇರು ವಹಿವಾಟಿಗೆ ಇಳಿದವರು. ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿಯ ಕೆಲಸ ಮಾಡುತ್ತಾ ಹಗಲಿನಲ್ಲಿ ಟ್ರೇಡಿಂಗ್ ನಡೆಸಿದ ಕಥೆಯನ್ನು ಅವರೇ ಹಲವು ಸಲ ಹೇಳಿಕೊಂಡಿದ್ದಾರೆ. ವಾರ್ಸಿಟಿಯ ಬಹುಪಾಲು ಅಧ್ಯಾಯಗಳನ್ನು ಬರೆದವರು ಆ ಸಂಸ್ಥೆಯ ಶಿಕ್ಷಣ ವಿಭಾಗದ ಹೊಣೆ ಹೊತ್ತಿರುವ ಕಾರ್ತಿಕ್ ರಂಗಪ್ಪ. ತೆರಿಗೆಯ ಘಟಕಕ್ಕೆ ಕಾಮತ್ ಅವರೇ ಕೈಹಾಕಿದ್ದಾರೆ. ಪಾಠ ಬರೆದವರು ಆರ್ಡರ್ ಹಾಕಿ ಗೊತ್ತಿದ್ದವರು ಎಂಬುದು ಓದುವಾಗ ಸಣ್ಣಪುಟ್ಟ ವಿವರಗಳಲ್ಲಿ ತಿಳಿಯುತ್ತದೆ. ಕಾಲೇಜಿನ ಹಣಕಾಸು ಪುಸ್ತಕವು ಫ್ಯೂಚರ್ಸ್ (ಮುಂದಿನ ದಿನಾಂಕಕ್ಕೆ ಈಗಲೇ ಬೆಲೆ ಗೊತ್ತುಮಾಡುವ) ಒಪ್ಪಂದದ ಬೆಲೆಯ ಸೂತ್ರವನ್ನು ಕೊಟ್ಟು ಮುಂದಿನ ಅಧ್ಯಾಯಕ್ಕೆ ಹೋಗುತ್ತದೆ. ವಾರ್ಸಿಟಿಯಾದರೋ ಅದೇ ಸೂತ್ರವನ್ನು ಕೊಟ್ಟ ಮೇಲೆ ಮಾರ್ಜಿನ್ ಎಂಬ ಭದ್ರತಾ ಠೇವಣಿ ಎಷ್ಟು ಕಟ್ಟಬೇಕು, ದಿನದ ಕೊನೆಗೆ ಲಾಭ ನಷ್ಟದ ಲೆಕ್ಕ ಖಾತೆಗೆ ಹೇಗೆ ಜಮೆಯಾಗುತ್ತದೆ, ಮಾರ್ಜಿನ್ ಸಾಲದೆ ಹೋದಾಗ ಬ್ರೋಕರ್ ಏನು ಮಾಡುತ್ತಾನೆ ಎಂಬಲ್ಲಿಗೆ ಓದುಗನನ್ನು ಕರೆದೊಯ್ಯುತ್ತದೆ. ಅನುಭವಸ್ಥರಿಂದ ಕಲಿಯುವುದರ ಲಾಭ ಇರುವುದು ಇಂಥ ಕಡೆಯಲ್ಲಿ.

ಹೋಲಿಕೆಗಾಗಿ ಒಂದು ಮಾತು. ನಾನು ಕುಳಿತಿದ್ದ ಒಂದು ಪಾವತಿ ತರಗತಿಯ ಹೆಸರನ್ನು ಇಲ್ಲಿ ಹೇಳುವ ಅಗತ್ಯವಿಲ್ಲ, ಏಕೆಂದರೆ ಅದರ ನಡವಳಿಕೆ ಆ ಒಂದು ಸಂಸ್ಥೆಗೆ ಸೀಮಿತವಾದದ್ದಲ್ಲ. ಅಲ್ಲಿನ ಬೋಧಕರು ತಾವು ಗಳಿಸಿದ ದಿನಗಳ ಮೊಬೈಲ್ ಚಿತ್ರಗಳನ್ನು ಪರದೆಯ ಮೇಲೆ ಧಾರಾಳವಾಗಿ ತೋರಿಸಿದರು. ವರ್ಷದ ಲಾಭ ನಷ್ಟದ ಪಟ್ಟಿಯನ್ನಾಗಲಿ, ಬ್ರೋಕರ್ ಕಳುಹಿಸುವ ಕಾಂಟ್ರ್ಯಾಕ್ಟ್ ನೋಟ್‌ಗಳನ್ನಾಗಲಿ ಕೇಳಿದಾಗ ವಿಷಯ ಬದಲಿಸಿದರು. ಎರಡನೆಯ ದಿನದ ಊಟದ ವಿರಾಮದಲ್ಲಿ ಅವರ ಕೊಂಡಿಯ ಮೂಲಕವೇ ಖಾತೆ ತೆರೆಯಬೇಕೆಂಬ ಒತ್ತಾಯ ಶುರುವಾಯಿತು, ಮುಗಿಯುವ ಹೊತ್ತಿಗೆ ತಿಂಗಳ ಚಂದಾ ಕಟ್ಟಬೇಕಾದ ಟೆಲಿಗ್ರಾಂ ಗುಂಪಿನ ಆಹ್ವಾನವೂ ಬಂತು. ಕಲಿಸಿದ ವಿಷಯಗಳ ಪೈಕಿ ವಾರ್ಸಿಟಿಯ ಎರಡನೆಯ ಘಟಕದಲ್ಲಿ ಇಲ್ಲದ್ದು ಒಂದೂ ಇರಲಿಲ್ಲ. ಪಾವತಿ ತರಗತಿಗಳೆಲ್ಲ ಹೀಗೆಯೇ ಎಂದು ನಾನು ಹೇಳಲಾರೆ. ಯಾವ ತರಗತಿಯನ್ನಾದರೂ ಸೇರುವ ಮುನ್ನ ಬೋಧಕರ ಒಂದು ವರ್ಷದ ಪೂರ್ಣ ಲೆಕ್ಕವನ್ನು ಕೇಳಿ ನೋಡುವುದು ಮಾತ್ರ ಒಳ್ಳೆಯದು.

ಮೊದಲ ಘಟಕ ಪೇಟೆಯ ಪರಿಚಯಕ್ಕೆ ಮೀಸಲು. ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ, ಷೇರು ವಿನಿಮಯ ಕೇಂದ್ರ, ಷೇರುಗಳನ್ನು ಡಿಜಿಟಲ್ ರೂಪದಲ್ಲಿ ಕಾಪಿಡುವ ಡಿಪಾಸಿಟರಿ, ಕ್ಲಿಯರಿಂಗ್ ಸಂಸ್ಥೆ ಇವುಗಳು ಯಾರ್ಯಾರು, ಏನೇನು ಮಾಡುತ್ತಾರೆ ಎಂಬುದರಿಂದ ಹಿಡಿದು, ಹತ್ತಿಯ ಟೀ ಶರ್ಟ್ ತಯಾರಿಸಲು ಹೊರಟ ಉದ್ಯಮಿಯೊಬ್ಬನು ಹಂತಹಂತವಾಗಿ ಬಂಡವಾಳ ಎತ್ತುತ್ತಾ ಕೊನೆಗೆ ಸಾರ್ವಜನಿಕರಿಗೆ ಮೊದಲ ಸಲ ಷೇರು ಮಾರುವ ಐಪಿಒಗೆ ಬರುವವರೆಗಿನ ಕಥೆಯನ್ನು ಸರಳವಾಗಿ ಹೇಳಲಾಗಿದೆ. ಪೇಟೆಯ ಗಂಧವಿಲ್ಲದವರಿಗೆ ಇದು ಸಾಕಷ್ಟು ಒಳ್ಳೆಯ ಪ್ರವೇಶ; ವಾಣಿಜ್ಯ ಓದಿದವರು ಬೇಗ ದಾಟಿ ಹೋಗಬಹುದು.

ಎರಡನೆಯ ಘಟಕವಾದ ಟೆಕ್ನಿಕಲ್ ಅನಾಲಿಸಿಸ್ (ಬೆಲೆಯ ನಕ್ಷೆ ನೋಡಿ ದಿಕ್ಕು ಅಂದಾಜಿಸುವ ವಿಧಾನ) ಬಹುಶಃ ಅತಿ ಹೆಚ್ಚು ಜನ ಓದಿರುವ ಭಾಗ. ಕ್ಯಾಂಡಲ್‌ಸ್ಟಿಕ್ ನಕ್ಷೆಯ ಮಾರುಬೊಝು, ಡೋಜಿ, ಹ್ಯಾಮರ್, ಎಂಗಲ್ಫಿಂಗ್, ಮಾರ್ನಿಂಗ್ ಸ್ಟಾರ್ ಮೊದಲಾದ ಆಕೃತಿಗಳನ್ನು ಒಂದೊಂದಾಗಿ ವಿವರಿಸಿ, ಪ್ರತಿಯೊಂದಕ್ಕೂ ಎಲ್ಲಿ ಕೊಳ್ಳಬೇಕು, ಎಲ್ಲಿ ಸ್ಟಾಪ್‌ಲಾಸ್ (ನಷ್ಟ ಬೆಳೆಯದಂತೆ ಹೊರಬರುವ ಬೆಲೆ) ಇಡಬೇಕು ಎಂಬುದನ್ನು ನಕ್ಷೆಯ ಸಮೇತ ತೋರಿಸಲಾಗಿದೆ. ಈ ಘಟಕದಲ್ಲಿ ನನಗೆ ಹಿಡಿಸಿದ್ದು ಆಕೃತಿಗಳ ಪಟ್ಟಿಗಿಂತ ಅವುಗಳನ್ನು ಶೋಧಿಸುವ ಪರಿಶೀಲನಾ ಕ್ರಮ: ಆಕೃತಿ ಕಂಡಿತೆಂದು ಆರ್ಡರ್ ಹಾಕುವಂತಿಲ್ಲ, ಆಸುಪಾಸಿನಲ್ಲಿ ಸಪೋರ್ಟ್ ಅಥವಾ ರೆಸಿಸ್ಟೆನ್ಸ್ (ಬೆಲೆಯ ಇಳಿಕೆ ಅಥವಾ ಏರಿಕೆ ನಿಲ್ಲುವ) ಮಟ್ಟ ಇರಬೇಕು, ವಹಿವಾಟಿನ ಪ್ರಮಾಣ ಅದಕ್ಕೆ ಸಾಕ್ಷಿ ಹೇಳಬೇಕು, ತೆಗೆದುಕೊಳ್ಳುವ ಅಪಾಯಕ್ಕೆ ತಕ್ಕ ಪ್ರತಿಫಲದ ಅವಕಾಶ ಇರಬೇಕು. ಈ ಕ್ರಮವನ್ನು ಪ್ರಾಮಾಣಿಕವಾಗಿ ಪಾಲಿಸಿದವನಿಗೆ ವಾರದಲ್ಲಿ ಸಿಗುವ ಟ್ರೇಡ್‌ಗಳ ಸಂಖ್ಯೆ ತೀರ ಕಡಿಮೆಯಾಗುತ್ತದೆ, ಅದು ಒಳ್ಳೆಯದೇ. ನನ್ನ ಆಕ್ಷೇಪವೂ ಇಲ್ಲೇ ಇದೆ. ಉದಾಹರಣೆಗೆ ಆರಿಸಿಕೊಂಡ ನಕ್ಷೆಗಳಲ್ಲಿ ಹೆಚ್ಚಿನವು ಆಕೃತಿ ಫಲಿಸಿದ ನಕ್ಷೆಗಳು. ವಿಫಲವಾದವೂ ಅಲ್ಲಲ್ಲಿ ಇವೆಯಾದರೂ, ನೂರು ಸಲ ಹ್ಯಾಮರ್ ಬಿದ್ದರೆ ಎಷ್ಟು ಸಲ ಬೆಲೆ ಏರುತ್ತದೆ ಎಂದು ಲೆಕ್ಕ ಹಾಕಿ ನೋಡುವ ಅಭ್ಯಾಸವನ್ನು ಈ ಹಂತದಲ್ಲೇ ಓದುಗನಿಗೆ ಕಟ್ಟಿಕೊಡಬೇಕಿತ್ತು. ಆ ಚಿಂತನೆಯು ಟ್ರೇಡಿಂಗ್ ವ್ಯವಸ್ಥೆಗಳನ್ನು ಕುರಿತ ಹತ್ತನೆಯ ಘಟಕದಲ್ಲಿ ಬರುತ್ತದೆ, ಅಷ್ಟು ದೂರ ಹೋಗುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಫಂಡಮೆಂಟಲ್ ಅನಾಲಿಸಿಸ್ ಕುರಿತ ಮೂರನೆಯ ಘಟಕ ಅಮರ ರಾಜಾ ಬ್ಯಾಟರೀಸ್ ಕಂಪನಿಯ 2013-14ರ ವಾರ್ಷಿಕ ವರದಿಯನ್ನು ಮುಂದಿಟ್ಟುಕೊಂಡು ನಡೆಯುತ್ತದೆ. ‘ಅಮರಾನ್’ ಬ್ಯಾಟರಿಯನ್ನು ಸ್ಕೂಟರಿನಲ್ಲೋ ಕಾರಿನಲ್ಲೋ ಕಂಡಿರುವ ಓದುಗನಿಗೆ ಆ ಕಂಪನಿಯ ಲಾಭ ನಷ್ಟದ ತಖ್ತೆ, ಆಸ್ತಿ ಹೊಣೆಗಳ ಪಟ್ಟಿ, ನಗದು ಹರಿವಿನ ವಿವರಗಳನ್ನು ಸಾಲುಸಾಲಾಗಿ ಬಿಡಿಸಿ ತೋರಿಸಲಾಗಿದೆ. ಒಂದೇ ಕಂಪನಿಯನ್ನು ಹಿಡಿದು ಕೊನೆಯವರೆಗೂ ಸಾಗುವುದರಿಂದ ಮಾರಾಟದ ಒಂದು ಅಂಕಿ ಅನುಪಾತಗಳ ಅಧ್ಯಾಯದಲ್ಲಿ ಎಲ್ಲಿ ಹೋಗಿ ಕೂರುತ್ತದೆ, ಮುಂದೆ ಷೇರಿನ ಅಂದಾಜು ಮೌಲ್ಯದ ಲೆಕ್ಕದಲ್ಲಿ ಯಾವ ರೂಪ ತಾಳುತ್ತದೆ ಎಂಬ ಎಳೆ ತಪ್ಪುವುದಿಲ್ಲ. ಬಿಡಿ ಬಿಡಿ ಉದಾಹರಣೆಗಳನ್ನು ಜೋಡಿಸಿದ ಪುಸ್ತಕಗಳಲ್ಲಿ ಈ ಲಾಭ ಸಿಗದು. ವಾರ್ಷಿಕ ವರದಿಯನ್ನು ಹೇಗೆ ಓದಬೇಕೆಂದು ತಿಳಿಯುವುದಕ್ಕೆ ನಾನು ಬಲ್ಲ ಸಾಮಗ್ರಿಗಳಲ್ಲಿ ಇದಕ್ಕಿಂತ ಸುಲಭವಾದದ್ದು ಇನ್ನೊಂದಿಲ್ಲ.

ಆ ಅಂಕಿಗಳು ಈಗ ಹಳೆಯವು; ಕಂಪನಿಯ ಹೆಸರೇ 2023ರಲ್ಲಿ ಅಮರ ರಾಜಾ ಎನರ್ಜಿ ಅಂಡ್ ಮೊಬಿಲಿಟಿ ಎಂದು ಬದಲಾಗಿದೆ. ಇದನ್ನು ದೋಷವೆಂದು ಎಣಿಸುವವರು ಒಂದು ವಿಷಯವನ್ನು ಗಮನಿಸಬೇಕು. ಷೇರು ಶಿಕ್ಷಣದ ಹೆಸರಿನಲ್ಲಿ ನೋಂದಣಿಯಿಲ್ಲದೆ ಕೊಳ್ಳುವ ಮಾರುವ ಸಲಹೆ ಕೊಡುವವರ ಹಾವಳಿ ಹೆಚ್ಚಿದ್ದರಿಂದ, ಕೇವಲ ಶಿಕ್ಷಣದಲ್ಲಿ ತೊಡಗಿರುವವರು ಯಾವುದೇ ಷೇರಿನ ಬಗ್ಗೆ ಹಿಂದಿನ ಮೂರು ತಿಂಗಳ ಬೆಲೆಗಳನ್ನು ಬಳಸಿ ಮಾತನಾಡಕೂಡದು ಎಂದು 2025ರ ಜನವರಿಯಲ್ಲಿ ಸೆಬಿ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿತು. ಇಂದಿನ ಬೆಲೆ ಪರದೆಯ ಮೇಲೆ ಓಡುತ್ತಿರುವಾಗ ಬೋಧಕನು ‘ಇಲ್ಲಿ ನೋಡಿ, ಹೀಗೆ ಆಗಲಿದೆ’ ಎಂದರೆ ಅದು ಪಾಠವೋ ಸಲಹೆಯೋ ಎಂದು ಬಿಡಿಸಿ ಹೇಳುವುದು ಕಷ್ಟ. ಹಳೆಯ ವರದಿಯನ್ನು ಹಿಡಿದು ಕಲಿಸುವಾಗ ಆ ಗೊಂದಲ ಹುಟ್ಟುವುದೇ ಇಲ್ಲ, ಓದುಗನ ಗಮನವೆಲ್ಲ ವಿಧಾನದ ಮೇಲೆ ನಿಲ್ಲುತ್ತದೆ. ನೇರ ಪೇಟೆಯಲ್ಲಿ ಪಾಠ ಹೇಳುತ್ತೇವೆ ಎಂಬುದನ್ನೇ ಆಕರ್ಷಣೆಯಾಗಿ ಮುಂದಿಡುವ ತರಗತಿಗಳಿಗಿಂತ ಈ ಹಳೆಯ ಉದಾಹರಣೆ ಮೇಲು ಎಂದೇ ನನಗೆ ಅನಿಸುತ್ತದೆ.

ನಾಲ್ಕನೆಯ ಘಟಕ ಫ್ಯೂಚರ್ಸ್, ಐದನೆಯದು ಆಪ್ಷನ್ಸ್ ಸಿದ್ಧಾಂತ, ಆರನೆಯದು ಆಪ್ಷನ್ಸ್ ತಂತ್ರಗಳು. ವಾರ್ಸಿಟಿಯ ಕೀರ್ತಿಗೆ ದೊಡ್ಡ ಕಾರಣ ಐದನೆಯ ಘಟಕ, ಅದರ ಆರಂಭದಲ್ಲಿ ಬರುವ ಅಜಯ್ ಮತ್ತು ವೇಣು ಎಂಬ ಇಬ್ಬರು ಗೆಳೆಯರ ಜಮೀನಿನ ವ್ಯವಹಾರವನ್ನು ಓದದೆ ಆಪ್ಷನ್ಸ್ ಕಲಿತ ಹೊಸಬರು ನನ್ನ ಪರಿಚಯದಲ್ಲಿ ವಿರಳ. ವೇಣುವಿನ ಬಳಿ ಐದು ಲಕ್ಷ ರೂಪಾಯಿ ಬೆಲೆಯ ಒಂದು ಎಕರೆ ಜಮೀನಿದೆ. ಪಕ್ಕದಲ್ಲಿ ಹೆದ್ದಾರಿ ಬರಬಹುದೆಂಬ ಸುದ್ದಿ ಅಜಯನ ಕಿವಿಗೆ ಬಿದ್ದಿದೆ. ಒಂದು ಲಕ್ಷ ಕೊಟ್ಟು, ಆರು ತಿಂಗಳ ನಂತರ ಐದು ಲಕ್ಷಕ್ಕೇ ಕೊಳ್ಳುವ ಹಕ್ಕನ್ನು ಅವನು ಬರೆಸಿಕೊಳ್ಳುತ್ತಾನೆ. ಬೇಡವೆನಿಸಿದರೆ ಕೈಬಿಡಬಹುದು, ಆದರೆ ಆ ಲಕ್ಷ ವಾಪಸು ಬರುವುದಿಲ್ಲ. ಹೆದ್ದಾರಿ ಬಂದು ಬೆಲೆ ಹತ್ತು ಲಕ್ಷವಾದರೆ ಅಜಯನಿಗೆ ಒಟ್ಟು ತಗಲಿದ್ದು ಆರು ಲಕ್ಷ, ಉಳಿದದ್ದು ನಾಲ್ಕು ಲಕ್ಷ. ಬೆಲೆ ಇಳಿದರೂ, ಇದ್ದಲ್ಲೇ ನಿಂತರೂ ಅವನು ಕಳೆದುಕೊಳ್ಳುವುದು ಒಂದು ಲಕ್ಷ.

ರಿಂಗ್ ರಸ್ತೆಯ ಸುದ್ದಿ ಕೇಳಿ ಸೈಟಿಗೆ ಅಡ್ವಾನ್ಸ್ ಕೊಟ್ಟವರ ನಾಡಿನಲ್ಲಿ ಈ ಉದಾಹರಣೆ ತಟ್ಟನೆ ಮನಸ್ಸಿಗೆ ಇಳಿಯುತ್ತದೆ. ಆದರೆ ನಮ್ಮಲ್ಲಿ ಕ್ರಯದ ಕರಾರಿನ ಮುಂಗಡವನ್ನು ನೋಂದಣಿಯ ದಿನ ಒಟ್ಟು ಬೆಲೆಯಿಂದ ಕಳೆಯುವುದು ರೂಢಿ. ಅಜಯ್ ಕೊಟ್ಟ ಲಕ್ಷ ಹಾಗೆ ಕಳೆಯುವ ಹಣವಲ್ಲ, ಹಕ್ಕಿಗಾಗಿಯೇ ತೆತ್ತ ಬೆಲೆ, ಆಪ್ಷನ್ಸ್ ಭಾಷೆಯಲ್ಲಿ ಪ್ರೀಮಿಯಂ. ಈ ವ್ಯತ್ಯಾಸವನ್ನು ಗಮನಿಸದೆ ಮುಂದೆ ಹೋದವನು ಪ್ರೀಮಿಯಂ ಎಂದರೆ ಮುಂಗಡ ಎಂದೇ ಭಾವಿಸುತ್ತಾನೆ. ಕಾಲ್ (ಕೊಳ್ಳುವ ಹಕ್ಕು) ಕೊಂಡ ಮೇಲೆ ಸೂಚ್ಯಂಕ ಸ್ವಲ್ಪ ಏರಿದರೂ ತನ್ನ ಖಾತೆ ಏಕೆ ಕೆಂಪಾಗಿದೆ ಎಂದು ಆಮೇಲೆ ಬೆರಗಾಗುತ್ತಾನೆ. ಲೇಖಕರು ಅಲ್ಲಿಯೇ ಇನ್ನೂ ಒಂದು ಮಾತನ್ನು ಎತ್ತಿ ತೋರಿಸುತ್ತಾರೆ: ಏರಿಕೆ, ಇಳಿಕೆ, ಸ್ಥಿರತೆ ಎಂಬ ಮೂರು ಸಾಧ್ಯತೆಗಳ ಪೈಕಿ ಎರಡರಲ್ಲಿ ಹಣ ಉಳಿಯುವುದು ಮಾರಿದವನ ಕೈಯಲ್ಲಿ. ಕಡಿಮೆ ಬಂಡವಾಳಕ್ಕೆ ದೊಡ್ಡ ಲಾಭವೆಂದು ಪ್ರತಿ ಎಕ್ಸ್‌ಪೈರಿ (ಒಪ್ಪಂದ ಮುಗಿಯುವ) ದಿನ ಕಾಲ್, ಪುಟ್ (ಮಾರುವ ಹಕ್ಕು) ಕೊಳ್ಳುವ ಹೊಸಬರು ಈ ಒಂದು ವಾಕ್ಯದ ಮುಂದೆ ಸ್ವಲ್ಪ ಹೊತ್ತು ಕೂತರೆ ಸಾಕಷ್ಟು ಹಣ ಉಳಿದೀತು. ಮಾರಿದವನಿಗೆ ಗೆಲುವಿನ ಸಾಧ್ಯತೆ ಹೆಚ್ಚು, ಸೋತಾಗ ನಷ್ಟಕ್ಕೆ ಮಿತಿಯಿಲ್ಲ ಎಂಬ ಇನ್ನೊಂದು ಮುಖವನ್ನೂ ಘಟಕ ಮರೆಮಾಚುವುದಿಲ್ಲ.

ಅನಂತರದ ಅಧ್ಯಾಯಗಳಲ್ಲಿ ಡೆಲ್ಟಾ, ಗಾಮಾ, ಥೀಟಾ, ವೇಗಾ ಎಂಬ ಗ್ರೀಕ್ ಅಳತೆಗಳು ಬರುತ್ತವೆ. ಗಣಿತವನ್ನು ಹಿಂದಕ್ಕೆ ಸರಿಸಿ, ಸೂಚ್ಯಂಕ ಇಷ್ಟು ಅಂಶ ಸರಿದರೆ ಪ್ರೀಮಿಯಂ ಎಷ್ಟು ರೂಪಾಯಿ ಸರಿದೀತು, ಒಂದು ದಿನ ಕಳೆದರೆ ಎಷ್ಟು ಕರಗೀತು ಎಂಬ ಲೆಕ್ಕದ ಮೂಲಕ ಅವುಗಳನ್ನು ಹೇಳಿಕೊಟ್ಟಿರುವುದು ಬಳಸುವವನ ದೃಷ್ಟಿ. ವೊಲಟಿಲಿಟಿಯ, ಅಂದರೆ ಬೆಲೆಯ ಏರಿಳಿತದ ತೀವ್ರತೆಯ, ಅಧ್ಯಾಯಗಳು ಉದ್ದವಾಗಿವೆ, ಎರಡು ಸಲ ಓದದೆ ಹಿಡಿತಕ್ಕೆ ಸಿಗುವುದಿಲ್ಲ. ಆದರೆ ಈ ಘಟಕದ ಬಹುಮುಖ್ಯ ಭಾಗ ಅದೇ, ಏಕೆಂದರೆ ಬಜೆಟ್ ಅಥವಾ ಚುನಾವಣಾ ಫಲಿತಾಂಶದ ಮುಂಚಿನ ದಿನಗಳಲ್ಲಿ ಉಬ್ಬಿದ ಪ್ರೀಮಿಯಂಗೆ ಆಪ್ಷನ್ ಕೊಂಡವರು, ಅಂದಾಜಿಸಿದ ದಿಕ್ಕಿನಲ್ಲೇ ಪೇಟೆ ಹೋದರೂ ಫಲಿತಾಂಶ ಹೊರಬಿದ್ದ ಮೇಲೆ ನಷ್ಟ ಅನುಭವಿಸುವುದರ ಕಾರಣ ಅಲ್ಲಿದೆ. ಆರನೆಯ ಘಟಕದ ಸ್ಪ್ರೆಡ್, ಸ್ಟ್ರ್ಯಾಡಲ್, ಸ್ಟ್ರ್ಯಾಂಗಲ್ ತಂತ್ರಗಳು ಅಡುಗೆ ವಿಧಾನದಂತೆ ಸಾಲಾಗಿ ಬರುತ್ತವೆ. ಅಗತ್ಯ ಬಿದ್ದಾಗ ತೆರೆದು ನೋಡಿದರೆ ಸಾಕು.

ತೆರಿಗೆ ಕುರಿತ ಏಳನೆಯ ಘಟಕವನ್ನು ಹೊಸಬರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ, ಅದು ಸರಿಯಲ್ಲ. ಷೇರಿನ ಇಂಟ್ರಾಡೇ (ಅದೇ ದಿನ ಕೊಂಡು ಮಾರುವ) ವಹಿವಾಟಿನ ಆದಾಯ ಸಟ್ಟಾ ವ್ಯವಹಾರದ ಲೆಕ್ಕಕ್ಕೆ ಹೋಗುತ್ತದೆ, ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆದಾಯ ಸಟ್ಟಾ ಅಲ್ಲದ ವ್ಯಾಪಾರದ ಲೆಕ್ಕಕ್ಕೆ ಸೇರುತ್ತದೆ. ಮೊದಲನೆಯದರ ನಷ್ಟವನ್ನು ನಾಲ್ಕು ವರ್ಷ, ಎರಡನೆಯದರ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ರಿಟರ್ನ್ಸ್ ಅನ್ನು ಗಡುವಿನೊಳಗೆ ಸಲ್ಲಿಸಿದ್ದರೆ ಮಾತ್ರ. ಸಂಬಳದಾರರು ನಷ್ಟವಾಯಿತೆಂದು ಸುಮ್ಮನಿದ್ದು ರಿಟರ್ನ್ಸ್‌ನಲ್ಲಿ ತೋರಿಸದೆ ಬಿಡುವುದು ಸಾಮಾನ್ಯ, ಆ ತಪ್ಪನ್ನು ಈ ಘಟಕ ಓದಿದವರು ಮಾಡಲಾರರು. ಹಾಗೆಯೇ ಖರ್ಚಿನ ಲೆಕ್ಕ. ಜೆರೋಧಾದಲ್ಲಿ ಷೇರುಗಳನ್ನು ಡೆಲಿವರಿ ಪಡೆಯಲು ದಲ್ಲಾಳಿ ಶುಲ್ಕವಿಲ್ಲ, ಆಪ್ಷನ್ಸ್‌ನಲ್ಲಿ ಪ್ರತಿ ಆರ್ಡರಿಗೆ 20 ರೂಪಾಯಿ. ಕೊಂಡು ಮಾರಿದರೆ 40, ಅದರ ಮೇಲೆ ಶೇ 18ರ ಜಿಎಸ್‌ಟಿ ಸೇರಿ 47 ರೂಪಾಯಿ 20 ಪೈಸೆ. ದಿನಕ್ಕೆ ಐದು ಸಲದಂತೆ ತಿಂಗಳಿಗೆ ಇಪ್ಪತ್ತು ದಿನ ವಹಿವಾಟು ನಡೆಸುವವನಿಗೆ 4,720 ರೂಪಾಯಿ ಬೀಳುತ್ತದೆ. ಒಂದು ಲಕ್ಷ ಬಂಡವಾಳದವನ ಪಾಲಿಗೆ ಇದು ತಿಂಗಳಿಗೆ ಶೇ 4.7ಕ್ಕೂ ಹೆಚ್ಚು, ವಹಿವಾಟಿನ ತೆರಿಗೆಯಾದ ಎಸ್‌ಟಿಟಿ, ವಿನಿಮಯ ಕೇಂದ್ರದ ಶುಲ್ಕ, ಮುದ್ರಾಂಕ ಶುಲ್ಕ ಇನ್ನೂ ಬೇರೆ. ಅಗ್ಗದ ದಲ್ಲಾಳಿ ಶುಲ್ಕ ಸಣ್ಣ ಬಂಡವಾಳಕ್ಕೆ ಅಗ್ಗವಲ್ಲ ಎಂಬ ಈ ಗಣಿತವನ್ನು ವಾರ್ಸಿಟಿ ಇನ್ನಷ್ಟು ಗಟ್ಟಿಯಾಗಿ, ಮೊದಲ ಘಟಕದಲ್ಲೇ ಹೇಳಬಹುದಿತ್ತು.

ನನ್ನ ಮಟ್ಟಿಗೆ ಇಡೀ ಪಾಠಮಾಲೆಯ ತೂಕವಿರುವುದು ಒಂಬತ್ತನೆಯ ಘಟಕದಲ್ಲಿ. ರಿಸ್ಕ್ ನಿರ್ವಹಣೆ ಮತ್ತು ಟ್ರೇಡಿಂಗ್ ಮನೋಧರ್ಮ ಎಂಬ ಎರಡು ವಿಷಯಗಳನ್ನು ಒಟ್ಟಿಗೆ ಇಟ್ಟಿರುವ ಈ ಭಾಗದಲ್ಲಿ ಯಾವ ಷೇರು, ಯಾವ ದಿಕ್ಕು ಎಂಬ ಪ್ರಶ್ನೆಯೇ ಹಿಂದೆ ಸರಿಯುತ್ತದೆ; ಎಷ್ಟು ಎಂಬ ಪ್ರಶ್ನೆ ಮುಂದೆ ಬರುತ್ತದೆ. ಅರ್ಧ ಬಂಡವಾಳ ಕಳೆದುಕೊಂಡವನು ಮೊದಲಿದ್ದಲ್ಲಿಗೆ ಬರಲು ಉಳಿದದ್ದನ್ನು ಇಮ್ಮಡಿ ಮಾಡಬೇಕು, ಐದನೆಯ ಒಂದು ಭಾಗ ಕಳೆದುಕೊಂಡವನಿಗೆ ಶೇ 25ರ ಗಳಿಕೆ ಸಾಕು ಎಂಬ ಸರಳ ಲೆಕ್ಕದಿಂದಲೇ ನಷ್ಟವನ್ನು ಸಣ್ಣದರಲ್ಲಿ ನಿಲ್ಲಿಸುವುದು ಏಕೆ ಮುಖ್ಯ ಎಂಬುದು ತಿಳಿಯುತ್ತದೆ. ಒಂದು ಟ್ರೇಡಿಗೆ ಒಟ್ಟು ಬಂಡವಾಳದ ಎಷ್ಟು ಪಾಲನ್ನು ಪಣಕ್ಕಿಡಬೇಕು ಎಂಬುದಕ್ಕೆ ಹಲವು ವಿಧಾನಗಳು ಅಲ್ಲಿವೆ. ಎರಡು ಲಕ್ಷ ಇರುವವನು ಒಂದು ಸಲಕ್ಕೆ ಶೇ 1ಕ್ಕಿಂತ ಹೆಚ್ಚು ಕಳೆದುಕೊಳ್ಳಕೂಡದೆಂದು ನಿಶ್ಚಯಿಸಿದರೆ, ಮತ್ತು ಸ್ಟಾಪ್‌ಲಾಸ್ ಕೊಂಡ ಬೆಲೆಗಿಂತ 20 ರೂಪಾಯಿ ಕೆಳಗಿದ್ದರೆ, ಅವನು ಕೊಳ್ಳಬಹುದಾದ ಷೇರುಗಳು ನೂರು, ನೂರ ಒಂದಲ್ಲ. ಪಣದ ಪಾಲನ್ನು ಲೆಕ್ಕ ಹಾಕುವ ಕೆಲ್ಲಿ ಸೂತ್ರದ ಅಧ್ಯಾಯವೂ ಇದೆ: ಗೆಲುವಿನ ಪ್ರಮಾಣ ಅರ್ಧದಷ್ಟಿದ್ದು, ಗೆದ್ದಾಗಿನ ಸರಾಸರಿ ಲಾಭ ಸೋತಾಗಿನ ಸರಾಸರಿ ನಷ್ಟದ ಒಂದೂವರೆ ಪಟ್ಟಿದ್ದರೆ ಆ ಸೂತ್ರವು ಬಂಡವಾಳದ ಆರನೆಯ ಒಂದು ಭಾಗವನ್ನು ಸೂಚಿಸುತ್ತದೆ. ಅಷ್ಟನ್ನು ಹಾಕುವುದು ನಿಜವಾದ ಪೇಟೆಯಲ್ಲಿ ಬಹಳ ಹೆಚ್ಚಾಗುತ್ತದೆ, ಏಕೆಂದರೆ ಗೆಲುವಿನ ಪ್ರಮಾಣವೆಂದು ನಾವು ಬರೆದುಕೊಂಡ ಸಂಖ್ಯೆಯೇ ಕೆಲವು ತಿಂಗಳ ಅನುಭವದ ಅಂದಾಜು. ಈ ಸೂತ್ರಕ್ಕೆ ತನ್ನ ಅಂಕಿಗಳನ್ನು ತುಂಬಲು ಹೊರಟ ಹೊಸಬನಿಗೆ ತನ್ನ ಗೆಲುವಿನ ಪ್ರಮಾಣ ಎಷ್ಟೆಂದೇ ಗೊತ್ತಿಲ್ಲವೆಂಬುದು ಅರಿವಾಗುತ್ತದೆ, ಹಾಗೆ ಅವನು ದಾಖಲೆ ಇಡಲು ಶುರು ಮಾಡುತ್ತಾನೆ. ಸೂತ್ರಕ್ಕಿಂತ ಈ ದಾಖಲೆಯೇ ಅವನ ಕೈಗೆ ಸಿಗುವ ಲಾಭ.

ಇಷ್ಟು ಒಳ್ಳೆಯ ಘಟಕ ಒಂಬತ್ತನೆಯ ಸ್ಥಾನದಲ್ಲಿ ಏಕಿದೆ ಎಂಬುದೇ ವಾರ್ಸಿಟಿಯ ಬಗ್ಗೆ ನನ್ನ ಮುಖ್ಯ ತಕರಾರು. ಕ್ರಮವಾಗಿ ಓದುವವನು ಕ್ಯಾಂಡಲ್ ಆಕೃತಿಗಳನ್ನು ಕಲಿತು, ಫ್ಯೂಚರ್ಸ್ ದಾಟಿ, ಆಪ್ಷನ್ಸ್ ತಂತ್ರಗಳನ್ನೂ ಮುಗಿಸಿದ ಮೇಲೆ, ಅಂದರೆ ಹಣ ಕಳೆಯಲು ಬೇಕಾದ ಎಲ್ಲ ಸಾಮರ್ಥ್ಯ ಕೈಗೂಡಿದ ಮೇಲೆ, ಹಣ ಉಳಿಸಿಕೊಳ್ಳುವ ಪಾಠ ಸಿಗುತ್ತದೆ. ಪುಸ್ತಕದ ತರ್ಕದಲ್ಲಿ ಈ ಕ್ರಮ ಸರಿಯೇ ಇರಬಹುದು: ಸ್ಟ್ಯಾಂಡರ್ಡ್ ಡೀವಿಯೇಷನ್ ಗೊತ್ತಿಲ್ಲದವನಿಗೆ ಪೋರ್ಟ್‌ಫೋಲಿಯೊ ರಿಸ್ಕ್ ಹೇಳುವುದು ಕಷ್ಟ. ಆದರೆ ಓದುಗ ಪುಸ್ತಕ ಮುಗಿಯುವವರೆಗೆ ಕಾಯುವುದಿಲ್ಲ. ಐದನೆಯ ಘಟಕದ ಹೊತ್ತಿಗೆ ಅವನ ಮೊಬೈಲಿನಲ್ಲಿ ಆಪ್ಷನ್ಸ್ ವಿಭಾಗ ಸಕ್ರಿಯವಾಗಿರುತ್ತದೆ.

ಈ ಅವಸರದ ಫಲ ಏನೆಂಬುದಕ್ಕೆ ಸೆಬಿಯ ಅಂಕಿಗಳೇ ಇವೆ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರು ಡಿರೈವೇಟಿವ್ಸ್‌ನಲ್ಲಿ, ಅಂದರೆ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ, ವಹಿವಾಟು ನಡೆಸಿದ ಒಂದು ಕೋಟಿಗೂ ಹೆಚ್ಚು ವೈಯಕ್ತಿಕ ಟ್ರೇಡರ್‌ಗಳಲ್ಲಿ ಶೇ 93 ಮಂದಿ ನಷ್ಟ ಅನುಭವಿಸಿದರು. ಖರ್ಚುಗಳೂ ಸೇರಿ ನಷ್ಟ ತಲಾ ಸರಾಸರಿ ಸುಮಾರು 2 ಲಕ್ಷ ರೂಪಾಯಿ, ಒಟ್ಟಾರೆ 1.8 ಲಕ್ಷ ಕೋಟಿಗೂ ಹೆಚ್ಚು ಎಂದು 2024ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ವಾರದ ಎಕ್ಸ್‌ಪೈರಿಗಳನ್ನು ಪ್ರತಿ ವಿನಿಮಯ ಕೇಂದ್ರಕ್ಕೆ ಒಂದೇ ಸೂಚ್ಯಂಕಕ್ಕೆ ಸೀಮಿತಗೊಳಿಸಿ, ಒಪ್ಪಂದದ ಕನಿಷ್ಠ ಮೌಲ್ಯವನ್ನು 15 ಲಕ್ಷಕ್ಕೆ ಏರಿಸಿದ ಕ್ರಮಗಳು ಅದರ ಬೆನ್ನಿಗೇ ಬಂದವು. ಆಪ್ಷನ್ಸ್ ಕಲಿಸುವ ಯಾವುದೇ ಪಾಠದ ಮೊದಲ ಪುಟದಲ್ಲಿ ಈ ಶೇ 93ರ ಸಂಖ್ಯೆ ಇರಬೇಕು ಎಂದು ನಾನು ನಂಬುತ್ತೇನೆ.

ಇಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ. ಪ್ರತಿ ಆರ್ಡರಿನಿಂದ ಆದಾಯ ಪಡೆಯುವ ದಲ್ಲಾಳಿ ಸಂಸ್ಥೆ ಟ್ರೇಡಿಂಗ್ ಪಾಠವನ್ನು ಪುಕ್ಕಟೆ ಹಂಚುವುದರಲ್ಲಿ ಅದರ ಹಿತಾಸಕ್ತಿ ಇಲ್ಲವೇ? ಇದೆ, ಅದನ್ನು ಮುಚ್ಚಿಡುವ ಅಗತ್ಯವೂ ಇಲ್ಲ. ಪಾಠ ಓದಿದವರಲ್ಲಿ ಎಷ್ಟೋ ಮಂದಿ ಅಲ್ಲೇ ಖಾತೆ ತೆರೆಯುತ್ತಾರೆ. ಆದರೆ ಹಿತಾಸಕ್ತಿ ಇದೆಯೆಂದ ಮಾತ್ರಕ್ಕೆ ಪಾಠ ಕೆಟ್ಟಿದೆ ಎನ್ನಲಾಗದು. ಬರವಣಿಗೆಯಲ್ಲಿ ಅದರ ಗುರುತು ಇದೆಯೇ ಎಂದು ಹುಡುಕಬೇಕು. ನಾನು ಹುಡುಕಿದಾಗ ಇಂಥ ಷೇರು ಕೊಳ್ಳಿ ಎಂಬ ಶಿಫಾರಸಾಗಲಿ, ಇಷ್ಟು ಗಳಿಸಬಹುದೆಂಬ ಆಮಿಷವಾಗಲಿ ಕಾಣಲಿಲ್ಲ. ಮ್ಯೂಚುವಲ್ ಫಂಡ್ ಮತ್ತು ವೈಯಕ್ತಿಕ ಹಣಕಾಸಿನ ಬಗ್ಗೆ, ಅಂದರೆ ದಲ್ಲಾಳಿಗೆ ಹೆಚ್ಚು ಆದಾಯ ತಾರದ ವಿಷಯಗಳ ಬಗ್ಗೆ, ಒಂದು ಪೂರ್ಣ ಘಟಕವೇ ಇದೆ. ಗುರುತು ಇರುವುದಾದರೆ ಅದು ಘಟಕಗಳ ಅನುಕ್ರಮದಲ್ಲಿ ಮತ್ತು ಡಿರೈವೇಟಿವ್ಸ್‌ಗೆ ಕೊಟ್ಟಿರುವ ಪುಟಗಳ ಪ್ರಮಾಣದಲ್ಲಿ. ಅದು ಉದ್ದೇಶಪೂರ್ವಕ ಎಂದು ನಾನು ಹೇಳುತ್ತಿಲ್ಲ. ಓದುಗ ತನ್ನ ಅನುಕ್ರಮವನ್ನು ತಾನೇ ಬದಲಿಸಿಕೊಳ್ಳಬೇಕು ಎನ್ನುತ್ತಿದ್ದೇನೆ. ಒಂದು, ಮೂರು, ಒಂಬತ್ತು, ಏಳು, ಆಮೇಲೆ ಎರಡು, ಆ ನಂತರವೂ ಆಸಕ್ತಿ ಉಳಿದಿದ್ದರೆ ನಾಲ್ಕು ಮತ್ತು ಐದು ಎಂಬುದು ನಾನು ಸೂಚಿಸುವ ಕ್ರಮ. ಒಂಬತ್ತನೆಯದರಲ್ಲಿ ಗಣಿತ ಗಟ್ಟಿಯೆನಿಸಿದ ಕಡೆ ಗುರುತು ಹಾಕಿಕೊಂಡು ಮುಂದೆ ಹೋಗಿ, ಐದರ ನಂತರ ಮತ್ತೆ ಬಂದರೆ ಸಾಕು.

ಬರೆದ ಪಾಠಕ್ಕೆ ದಾಟಲಾಗದ ಒಂದು ಗೆರೆಯೂ ಇದೆ. ಟ್ರೇಡಿಂಗ್ ಅನ್ನು ಕಲಿಸಲು ಸಾಧ್ಯವೇ ಎಂಬ ವಾದವನ್ನು 1983ರಲ್ಲಿ ಅಮೆರಿಕದ ಷಿಕಾಗೊದ ರಿಚರ್ಡ್ ಡೆನಿಸ್ ಮತ್ತು ವಿಲಿಯಂ ಎಕ್‌ಹಾರ್ಟ್ ಎಂಬ ಇಬ್ಬರು ಟ್ರೇಡರ್‌ಗಳು ಪರೀಕ್ಷೆಗೆ ಹಚ್ಚಿದರು. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಆರಿಸಿಕೊಂಡವರಿಗೆ ಸುಮಾರು ಎರಡು ವಾರ ತರಬೇತಿ ನೀಡಿದರು, ಅವರು ‘ಟರ್ಟಲ್’ಗಳೆಂದು ಹೆಸರಾದರು. ಕಲಿಸಿದ ನಿಯಮಗಳು ಒಂದಿಷ್ಟೇ, ಅವು ಇಂದು ಯಾರಿಗೂ ಗುಟ್ಟಲ್ಲ. ಆದರೂ ಒಂದೇ ಪಾಠ ಕಲಿತವರಲ್ಲಿ ಕೆಲವರು ಚೆನ್ನಾಗಿ ಗಳಿಸಿದರು, ಕೆಲವರು ಅರ್ಧದಲ್ಲೇ ಹೊರಬಿದ್ದರು. ಅವರ ತರಬೇತಿಯ ಮುಖ್ಯ ಭಾಗವೆಂದರೆ ಡೆನಿಸ್ ತನ್ನ ಹಣವನ್ನೇ ಅವರ ಕೈಗೆ ಕೊಟ್ಟು, ನಿಯಮ ಪಾಲಿಸುತ್ತಾರೆಯೇ ಎಂದು ನೋಡಿದ್ದು. ಪರದೆ ಕೆಂಪಾಗಿದ್ದಾಗ ಪಕ್ಕದಲ್ಲಿ ಅನುಭವಸ್ಥನೊಬ್ಬ ಇರುವ ಆ ಸೌಲಭ್ಯವನ್ನು ವಾರ್ಸಿಟಿಯಿಂದ ನಿರೀಕ್ಷಿಸಲಾಗದು. ಅಧ್ಯಾಯಗಳ ಕೊನೆಯಲ್ಲಿ ಓದುಗರು ಕೇಳಿದ ಪ್ರಶ್ನೆಗಳಿಗೆ ಲೇಖಕರೇ ಉತ್ತರಿಸುತ್ತಾ ಬಂದಿರುವುದು ಆ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬುತ್ತದೆ. ಎಷ್ಟೋ ಕಡೆ ಪಾಠಕ್ಕಿಂತ ಈ ಪ್ರಶ್ನೋತ್ತರವೇ ಹೆಚ್ಚು ಕಲಿಸುತ್ತದೆ. ಅದೇ ಸಂಸ್ಥೆಯ ಖಾತೆಯಲ್ಲಿ ‘ಕಿಲ್ ಸ್ವಿಚ್’ ಎಂಬ ಸೌಲಭ್ಯವಿದೆ: ಒಂದು ವಿಭಾಗದ ವಹಿವಾಟನ್ನು ನಾವೇ ನಿಲ್ಲಿಸಿಕೊಂಡರೆ ಹನ್ನೆರಡು ಗಂಟೆ ಕಳೆಯುವವರೆಗೆ ಮತ್ತೆ ತೆರೆಯಲಾಗದು. ನಷ್ಟದ ದಿನ ಸೇಡು ತೀರಿಸಿಕೊಳ್ಳಲು ಹೋಗಿ ಇನ್ನಷ್ಟು ಕಳೆದುಕೊಳ್ಳುವ ಚಟಕ್ಕೆ ಮನೋಧರ್ಮದ ಹತ್ತು ಅಧ್ಯಾಯಗಳಿಗಿಂತ ಈ ಗುಂಡಿ ಹೆಚ್ಚು ಉಪಕಾರಿ.

ನಿಯಮಗಳ ಬಗ್ಗೆ ಎಚ್ಚರ ಬೇಕು. ಘಟಕಗಳು ಮೊದಲು ಬರೆಯಲ್ಪಟ್ಟ ಕಾಲಕ್ಕೆ ನಿಫ್ಟಿ ಒಪ್ಪಂದಗಳು ಗುರುವಾರ ಮುಗಿಯುತ್ತಿದ್ದವು, 2025ರ ಸೆಪ್ಟೆಂಬರಿನಿಂದ ಮಂಗಳವಾರಕ್ಕೆ ಬಂದಿವೆ. ಷೇರು ಮತ್ತು ಹಣ ಕೈಬದಲಾಗುವ ಸೆಟಲ್‌ಮೆಂಟ್ 2023ರ ಜನವರಿ ಅಂತ್ಯದ ಹೊತ್ತಿಗೆ ಪೂರ್ತಿಯಾಗಿ ಮರುದಿನಕ್ಕೆ ಇಳಿಯಿತು. ಅಲ್ಪಾವಧಿ ಬಂಡವಾಳ ಲಾಭದ ತೆರಿಗೆ 2024ರ ಜುಲೈ 23ರಿಂದ ಶೇ 15ರಿಂದ ಶೇ 20ಕ್ಕೆ ಏರಿತು. ಲಾಟ್ ಗಾತ್ರ, ಅಂದರೆ ಒಂದು ಒಪ್ಪಂದದಲ್ಲಿ ಸೇರುವ ಯೂನಿಟ್‌ಗಳ ಸಂಖ್ಯೆ, ಅಂತೂ ಆಗಾಗ ಬದಲಾಗುತ್ತದೆ. ತತ್ತ್ವವನ್ನು ಪಾಠದಿಂದ ಕಲಿತು, ದಿನ, ದರ, ಗಾತ್ರಗಳನ್ನು ವಿನಿಮಯ ಕೇಂದ್ರದ ಸುತ್ತೋಲೆಯಿಂದಲೇ ಖಚಿತಪಡಿಸಿಕೊಳ್ಳುವುದು ಸರಿಯಾದ ಕ್ರಮ.

ಮೂಲ ಬರವಣಿಗೆ ಇಂಗ್ಲಿಷಿನಲ್ಲಿದೆ. ಪಿಯುಸಿಯವರೆಗೆ ಕನ್ನಡದಲ್ಲಿ ಓದಿದವರಿಗೂ ನಿಧಾನವಾಗಿ ಓದಿದರೆ ಅರ್ಥವಾಗುವಷ್ಟು ಸರಳವಾದ, ಎದುರು ಕುಳಿತು ಮಾತನಾಡಿದಂಥ ಇಂಗ್ಲಿಷ್ ಅದು. ಕೆಲವು ಕಡೆ ಮಾತು ತುಸು ಹೆಚ್ಚೇ ಆಗಿದೆ. ಮೊಬೈಲ್ ಆ್ಯಪ್‌ನಲ್ಲಿ ಪಾಠಗಳನ್ನು ಚಿಕ್ಕದಾಗಿಸಿ, ಪರೀಕ್ಷೆ ಮತ್ತು ಪ್ರಮಾಣಪತ್ರದ ವ್ಯವಸ್ಥೆಯನ್ನೂ ಇಟ್ಟಿದ್ದಾರೆ. ಬಸ್ಸಿನಲ್ಲಿ ಪುನರಾವರ್ತನೆಗೆ ಅದು ಸರಿ, ಆದರೆ ಮೊದಲ ಓದಿಗೆ ಉದ್ದನೆಯ ಅಧ್ಯಾಯಗಳೇ ಬೇಕು. ಉದ್ಯೋಗಕ್ಕಾಗಿ ಪ್ರಮಾಣಪತ್ರ ಬೇಕಾದವರು ಸೆಬಿ ಸ್ಥಾಪಿಸಿದ ರಾಷ್ಟ್ರೀಯ ಪ್ರತಿಭೂತಿ ಮಾರುಕಟ್ಟೆ ಸಂಸ್ಥೆಯ, ಅಂದರೆ ಎನ್‌ಐಎಸ್‌ಎಂನ, ಪರೀಕ್ಷೆಗಳನ್ನು ಬರೆಯಬೇಕು. ಡಿರೈವೇಟಿವ್ಸ್ ಕುರಿತ ಎಂಟನೆಯ ಶ್ರೇಣಿಯ ಪರೀಕ್ಷೆ ನೂರು ಅಂಕಗಳದ್ದು, ಎರಡು ಗಂಟೆಯ ಅವಧಿ, ಉತ್ತೀರ್ಣರಾಗಲು ಶೇ 60 ಬೇಕು, ತಪ್ಪು ಉತ್ತರಕ್ಕೆ ಅಂಕ ಕಡಿತವಿದೆ. ಅದರ ಪಠ್ಯ ನಿಯಮಗಳಲ್ಲಿ ಬಿಗಿ, ಓದಲು ಒಣ. ವಾರ್ಸಿಟಿಯ ನಾಲ್ಕು ಮತ್ತು ಐದನೆಯ ಘಟಕ ಮುಗಿಸಿ ಅಲ್ಲಿಗೆ ಹೋದವರಿಗೆ ಕಷ್ಟವಾಗುವುದಿಲ್ಲ. ಸಂಬಳದಲ್ಲಿ ಉಳಿಸಿದ್ದನ್ನು ಬೆಳೆಸುವುದಷ್ಟೇ ಗುರಿಯಾಗಿದ್ದರೆ ಒಂದನೆಯದು, ಮೂರನೆಯದು ಮತ್ತು ಮ್ಯೂಚುವಲ್ ಫಂಡ್‌ಗಳ ಹನ್ನೊಂದನೆಯದು ಸಾಕು, ಉಳಿದವನ್ನು ತೆರೆಯದಿದ್ದರೂ ನಷ್ಟವಿಲ್ಲ. ಘಟಕಗಳನ್ನು ಪಿಡಿಎಫ್ ರೂಪದಲ್ಲಿ ಇಳಿಸಿಕೊಳ್ಳಲು ಅವಕಾಶವಿರುವುದರಿಂದ, ಒಂಬತ್ತನೆಯದನ್ನಾದರೂ ಮುದ್ರಿಸಿಕೊಂಡು, ಅಂಚಿನಲ್ಲಿ ನಿಮ್ಮದೇ ಅಂಕಿಗಳನ್ನು ಬರೆದುಕೊಳ್ಳುತ್ತಾ ಓದುವುದು ಒಳ್ಳೆಯದು.